ತೆರೆಯಾಚೆಯ ಕೈಗಳು

ಹಿಂದೆ, ಕೋಟೆಯ ಕಲ್ಲುಗಳಿಗೂ ನೆನಪಿದ್ದ ಕಾಲದಲ್ಲಿ, ನೇಸರಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಅರಮನೆಯ ಕೆಲಸಕ್ಕೆ ಬರುವವರು ಮುಖ ತೋರಿಸುವಂತಿರಲಿಲ್ಲ. ಯಾರ ಮಗ, ಯಾರ ಸೊಸೆ, ಯಾವ ಕೇರಿ ಎಂದು ಹೇಳುವಂತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ದಿನ ಸಭಾಮಂಟಪಕ್ಕೆ ಅಡ್ಡಲಾಗಿ ದಪ್ಪನೆಯ ತೆರೆ ಕಟ್ಟುತ್ತಿದ್ದರು. ತೆರೆಯಲ್ಲಿ ತೂತುಗಳಿದ್ದವು. ಆಚೆಯಿಂದ ಜನ ಕೈಗಳನ್ನು ತೂರಿಸುತ್ತಿದ್ದರು. ಈಚೆಯಿಂದ ರಾಜ ಬರೀ ಕೈ ನೋಡಿ ಆರಿಸುತ್ತಿದ್ದ. ಹೊಸಬರಷ್ಟೇ ಅಲ್ಲ, ಕೆಲಸದಲ್ಲಿದ್ದವರೂ ವರ್ಷಕ್ಕೊಮ್ಮೆ ಹಾಗೆ ಕೈ ತೂರಿಸಬೇಕಿತ್ತು. ನೆಂಟಸ್ತಿಕೆ, ಶಿಫಾರಸು ಯಾವುದೂ ನಡೆಯಬಾರದೆಂದು ಹಿಂದಿನವರು ಮಾಡಿದ ಏರ್ಪಾಡು ಅದು.

ದೊಡ್ಡ ರಾಜ ಬದುಕಿದ್ದಾಗ ಅವನು ತೆರೆಯ ಬುಡದಲ್ಲೇ ಮಣೆ ಹಾಕಿಸಿಕೊಂಡು ಕೂರುತ್ತಿದ್ದ. ಒಂದೊಂದು ಕೈಯನ್ನೂ ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ ಹೂಂ ಎನ್ನುತ್ತಿದ್ದ, ಇಲ್ಲವೇ ಊಹೂಂ ಎನ್ನುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಹಿಡಿಯುತ್ತಿತ್ತು.

ಅವನು ತೀರಿಕೊಂಡ ಮೇಲೆ ಮಗ ಹೊನ್ನರಸ ಪಟ್ಟಕ್ಕೆ ಬಂದ. ಹೊನ್ನರಸ ಕೆಟ್ಟವನಲ್ಲ, ಅವಸರದವನು. ತೆರೆಯ ದಿನ ಅವನು ಮಣೆಯ ಮೇಲೆ ಕೂರಲಿಲ್ಲ. ಸಿಂಹಾಸನದಲ್ಲೇ ಕೂತು ಉದ್ದನೆಯ ಬೆತ್ತದಿಂದ ತೋರಿಸಿದ.

"ಇದು ಬೇಕು. ಇದು ಬೇಕು. ಸುಕ್ಕು ಬಿದ್ದಿದೆ, ಇದು ಬೇಡ. ಇದು ನಡುಗುತ್ತಿದೆ, ಬೇಡ."

ಮಧ್ಯಾಹ್ನಕ್ಕೆ ಮುಂಚೆಯೇ ಕೆಲಸ ಮುಗಿಯಿತು. ಬೇಡವೆನಿಸಿಕೊಂಡ ಕೈಗಳು ತೆರೆಯಾಚೆಗೆ ಸರಿದು ಹೋದವು.

ಅವನು ಊಟಕ್ಕೆ ಕೂತ. ಬಡಿಸಿದವರು ಹೊಸಬರು. ದಿನವೂ ಊಟ ಬಡಿಸಿದ ಮೇಲೆ ಅಡುಗೆಯ ಸಂಕವ್ವ ತನ್ನ ಹೆಬ್ಬೆರಳನ್ನು ಅವನ ಹಣೆಗೊಮ್ಮೆ ಒತ್ತುತ್ತಿದ್ದಳು. ಅವನು ತೊಟ್ಟಿಲಲ್ಲಿದ್ದಾಗಿನಿಂದ ಅದು ನಡೆದುಬಂದಿತ್ತು. ಹಣೆಯ ಮೇಲೆ ಒಂದಿಷ್ಟು ಬೂದಿಯೋ ಅರಿಸಿನವೋ ಉಳಿಯುತ್ತಿತ್ತು. ಆ ದಿನ ಯಾರೂ ಒತ್ತಲಿಲ್ಲ. ಅವನು ಹಣೆ ಮುಟ್ಟಿ ನೋಡಿಕೊಂಡ.

"ಸಂಕವ್ವ ಎಲ್ಲಿ?"

"ತಾವೇ ಬೇಡ ಅಂದಿರಲ್ಲ, ಪ್ರಭು."

ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳನ್ನು ಕರೆಸಬಹುದಿತ್ತು. ಆದರೆ ತಾನು ದೂಡಿದ್ದು ಯಾರನ್ನು ಎಂದು ತನಗೇ ಗೊತ್ತಿರಲಿಲ್ಲವೆಂದು ರಾಜನಾದವನು ಹೇಗೆ ಹೇಳುವುದು? ಅವನು ಊಟ ಮಾಡಿ ಕೈ ತೊಳೆದ.

ಸಂಜೆ ಸವಾರಿ ಮುಗಿಸಿ ಬರುವಾಗ ಕೋಟೆಯ ಬಾಗಿಲ ಹೊರಗೆ ಕೆಂಚಣ್ಣ ನಿಂತಿದ್ದ. ಆ ಬಾಗಿಲನ್ನು ಕಾದು ಮುದುಕನಾದವನು ಅವನು. ಹೆಗಲ ಮೇಲೆ ವಸ್ತ್ರವಿತ್ತು, ಕೈಯಲ್ಲಿ ಬೀಗದ ಕೈ ಇರಲಿಲ್ಲ. ಹೊನ್ನರಸ ಕುದುರೆಯ ಮುಖವನ್ನು ಕೆರೆಯ ಕಡೆಗೆ ತಿರುಗಿಸಿ, ನೀರು ನೋಡುವವನಂತೆ ಒಳಗೆ ಹೋದ. ಮರುದಿನದಿಂದ ಸವಾರಿಯನ್ನೇ ಬಿಟ್ಟ.

ಕೆಲಸಗಳು ಹಿಂದೆ ಬಿದ್ದವು. ಹಳಬರು ಹೋದ ಜಾಗಕ್ಕೆ ಜನ ಸಾಲಲಿಲ್ಲ. ಆಗ ಮಂಡಿಯವರೆಗೆ ಇಳಿಬಿದ್ದ ತೋಳಿನ ಅಂಗಿ ತೊಟ್ಟ ಒಬ್ಬ ಮಾಟಗಾರ ಬಂದ. ಅವನ ಹೆಸರು ತೊಗಲಯ್ಯ. ಬೆನ್ನಿಗೆ ಚರ್ಮದ ಚೀಲವಿತ್ತು.

"ತೆರೆ ಕಟ್ಟಿಸಿ, ಪ್ರಭು. ಕೈ ತೋರಿಸುತ್ತೇನೆ" ಎಂದ.

ತೆರೆ ಕಟ್ಟಿದರು. ತೂತುಗಳಿಂದ ಕೈಗಳು ಬಂದವು. ಎಂಥ ಕೈಗಳು! ಒಂದೊಂದೂ ಗಟ್ಟಿ, ಒಂದೊಂದೂ ನುಣುಪು. ಸುಕ್ಕಿಲ್ಲ, ನಡುಕವಿಲ್ಲ.

"ಎಲ್ಲವೂ ಬೇಕು" ಎಂದ ಹೊನ್ನರಸ.

ತೆರೆ ಸರಿಸಿದರು. ಆಚೆ ಯಾರೂ ಇರಲಿಲ್ಲ. ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದ ಕೈಗಳು ಮಾತ್ರ ಗಾಳಿಯಲ್ಲಿ ನಿಂತಿದ್ದವು.

ತೊಗಲಯ್ಯ ನಕ್ಕ. "ನಿಮಗೆ ಬೇಕಾದದ್ದು ಕೈ ತಾನೆ? ಇವು ಅನ್ನ ಕೇಳುವುದಿಲ್ಲ. ಮಲಗುವುದಿಲ್ಲ. ಕೆಮ್ಮುವುದಿಲ್ಲ. 'ನಮ್ಮ ಕಾಲದಲ್ಲಿ' ಅಂತ ಶುರು ಮಾಡುವುದಿಲ್ಲ. ಒಮ್ಮೆ ಹೇಳಿದರೆ ಆಯಿತು."

"ಪ್ರತಿಫಲ?"

"ಒಂದು ಜೊತೆ ಕೈ. ಬರುವ ಹುಣ್ಣಿಮೆಯ ದಿನ ನಾನೇ ಆರಿಸಿಕೊಳ್ಳುತ್ತೇನೆ."

"ಅಷ್ಟೇನಾ? ತೆಗೆದುಕೋ" ಎಂದ ಹೊನ್ನರಸ. ಅಷ್ಟು ಕೈಗಳಲ್ಲಿ ಒಂದು ಜೊತೆ ಹೋದರೆ ಏನು ಎಂದುಕೊಂಡ.

ತೊಗಲಯ್ಯ ಒಂದು ಜೊತೆಯ ಕಿವಿಯಿಲ್ಲದ ಕಿವಿಯಲ್ಲಿ ಹೇಳುವವನಂತೆ ಬಾಗಿ, "ಅಡುಗೆ ಮಾಡು" ಎಂದ. ಇನ್ನೊಂದಕ್ಕೆ "ಗೋಡೆ ಕಟ್ಟು" ಎಂದ. ಮತ್ತೊಂದಕ್ಕೆ "ಬಾಗಿಲು ಹಾಕಿ ಕಾಯಿ" ಎಂದ. ಕೈಗಳು ಹೊರಟವು.

ಮಧ್ಯಾಹ್ನ ಹೊನ್ನರಸನ ಎಲೆಗೆ ಬಿಸಿ ಅನ್ನ ಬಿತ್ತು, ತುಪ್ಪ ಬಿತ್ತು. ಬಡಿಸಿ ಮುಗಿಸಿದ ಬಲಗೈ ಒಂದು ಕ್ಷಣ ತಡೆದು, ಮುಂದೆ ಬಂದು, ಹೆಬ್ಬೆರಳನ್ನು ಅವನ ಹಣೆಗೆ ಒತ್ತಿತು.

ಅವನ ಬಾಯಲ್ಲಿ ತುತ್ತು ಹಾಗೇ ನಿಂತಿತು. ಸುತ್ತ ಯಾರೂ ನೋಡಲಿಲ್ಲ. ಅವನು ತುತ್ತು ನುಂಗಿದ. ಆಗಲೂ ಊಟ ಮಾಡಿ ಎದ್ದ.

ಕೆಲವು ದಿನ ರಾಜ್ಯ ಗಾಣದ ಹಾಗೆ ಸಲೀಸಾಗಿ ತಿರುಗಿತು. ಆಮೇಲೆ ಜನರಿಗೆ ಒಂದು ಸಂಗತಿ ಕಂಡಿತು. ಕೈಗಳು ನಿಲ್ಲುವುದಿಲ್ಲ. ಎಲ್ಲರ ಊಟ ಮುಗಿದ ಮೇಲೂ ಅಡುಗೆಮನೆಯಲ್ಲಿ ಅನ್ನ ಬೇಯುತ್ತಲೇ ಇತ್ತು. ಕೊಪ್ಪರಿಗೆ ತುಂಬಿ, ಹಜಾರ ತುಂಬಿ, ಗಂಜಿ ಬೀದಿಗೆ ಹರಿಯಿತು. ಕಣಜ ಬರಿದಾಗುತ್ತ ಬಂತು. ಕೋಟೆಯ ಗೋಡೆ ದಿನೇ ದಿನೇ ಏರಿತು. ನಡು ಮಧ್ಯಾಹ್ನ ಬಿಟ್ಟರೆ ನೇಸರಕೋಟೆಗೆ ನೇಸರನೇ ಇಲ್ಲದಂತಾಯಿತು. ಒಂದು ಸಂಜೆ ಹಾಕಿದ ಕೋಟೆಯ ಬಾಗಿಲು ಮರುದಿನ ತೆರೆಯಲಿಲ್ಲ. ಎರಡು ಕೈಗಳು ಅಗುಳಿಯನ್ನು ಹಿಡಿದು ನಿಂತಿದ್ದವು. ಎತ್ತು ಕಟ್ಟಿ ಎಳೆದರೂ ಬಿಡಲಿಲ್ಲ. ಹೊರಗಿನ ಹೊಲಗಳಿಗೆ ಹೋಗುವವರು ಒಳಗೇ ಉಳಿದರು.

ಹೊನ್ನರಸ ತೊಗಲಯ್ಯನನ್ನು ಕರೆಸಿದ. "ನಿಲ್ಲಿಸು."

"ಮಾಡುವ ಕೈ ಕೇಳಿದಿರಿ, ಕೊಟ್ಟೆ. ನಿಲ್ಲಿಸುವುದು ಗೊತ್ತಿರುವ ಕೈ ನೀವು ಕೇಳಲೇ ಇಲ್ಲ." ತೊಗಲಯ್ಯ ರಾಜನ ಕೈಗಳನ್ನೇ ನೋಡುತ್ತಿದ್ದ. "ಹುಣ್ಣಿಮೆ ಹತ್ತಿರ ಬಂತು. ನನ್ನ ಜೊತೆಯನ್ನು ಆಗಲೇ ಆರಿಸಿಟ್ಟಿದ್ದೇನೆ. ಇಷ್ಟು ನುಣುಪಾದ ಕೈ ನಾನೆಲ್ಲೂ ಕಂಡಿಲ್ಲ. ರಾಜಮುದ್ರೆ ಒತ್ತುವ ಕೈ ಯಾರ ತೋಳಿನಲ್ಲಿರುತ್ತದೋ ಅವನೇ ರಾಜ, ಅಲ್ಲವೇ?"

ಅವನು ಅಂಗಿಯ ತೋಳುಗಳನ್ನು ಮೇಲೆತ್ತಿ ಕೊಡವಿದ. ತುದಿಯಲ್ಲಿ ಏನೂ ಇರಲಿಲ್ಲ. ತೊಗಲಯ್ಯನಿಗೆ ಕೈಗಳೇ ಇರಲಿಲ್ಲ.

ಹೊನ್ನರಸ ಕಿರೀಟ ತೆಗೆದಿಟ್ಟು ಅರಮನೆಯ ಹಿಂದಿನ ಓಣಿಗೆ ಹೋದ. ಅಲ್ಲಿ ಜಗಲಿಯ ಮೇಲೆ ಸಂಕವ್ವ ಮೊರದಲ್ಲಿ ಬೇಳೆ ಹರಡಿಕೊಂಡು ಕೂತಿದ್ದಳು.

"ಯಾರದು, ಇರೋ ಚೂರು ಬೆಳಕಿಗೂ ಅಡ್ಡ ನಿಂತಿರೋದು?"

"ನಾನು, ಸಂಕವ್ವ."

"ನಾನು ಅಂದ್ರೆ? ದೊರೆಗಳೋ, ಹೊನ್ನನೋ? ದೊರೆಗಳಾದ್ರೆ ಎದ್ದು ನಿಲ್ಲಬೇಕು. ಮಂಡಿ ಹಿಡಿದುಕೊಂಡಿದೆ."

"ಹೊನ್ನ."

"ಹಾಗಾದ್ರೆ ಕೂತ್ಕೋ. ಕಲ್ಲು ಆರಿಸು."

ಅವನು ಕೂತು ಕಲ್ಲು ಆರಿಸಿದ. ಅವಳೇ ಮಾತು ತೆಗೆದಳು.

"ಆವತ್ತು ಎಲ್ಲಿಗೆ ಹೋಗಬೇಕು ಅಂತ ತೋಚದೆ ಹಿತ್ತಿಲ ಬಾಗಿಲಲ್ಲೇ ಕೂತಿದ್ವಿ, ಎಲ್ಲರೂ. ಆ ಉದ್ದ ತೋಳಿನವನು ನೀರಿನ ಬೋಗುಣಿಯನ್ನು ಎದೆಗವಚಿಕೊಂಡು ತಂದ. 'ಕೈ ಅದ್ದಿ, ಹರೆಯದಲ್ಲಿ ಹೇಗಿತ್ತು ನೋಡಿಕೊಳ್ಳಿ' ಅಂದ. ಯಾರಿಗೆ ಆಸೆ ಆಗಲ್ಲ ಹೇಳು? ಅದ್ದಿದ್ವಿ. ನೀರಲ್ಲಿ ಕಂಡಿತು. ಕೈ ಮೇಲೆ ತೆಗೆದಾಗ ಅದು ನೀರಲ್ಲೇ ಉಳೀತು." ಅವಳು ಮೊರವನ್ನು ಒಮ್ಮೆ ಕೊಡವಿದಳು. "ಅದು ನನ್ನ ಕೈ ಅಂತ ನಿನಗೆ ಗೊತ್ತಾಗಿತ್ತೇನು?"

ಇಲ್ಲವೆಂದಿದ್ದರೆ ಅವಳು ನಂಬುತ್ತಿದ್ದಳು.

"ಗೊತ್ತಾಗಿತ್ತು. ಮೊದಲನೇ ದಿನವೇ ಹಣೆ ಮುಟ್ಟಿತು."

"ಮತ್ತೆ ತೆರೆಯ ದಿನ?"

"ಆಗ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಗೊತ್ತಾಯಿತು."

"ಆಮೇಲೆ?"

"ಊಟ ಮಾಡಿದೆ."

ಸಂಕವ್ವ ಬೇಳೆಯ ಕಡೆಗೇ ಬಗ್ಗಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕೊನೆಯ ಕಲ್ಲನ್ನು ಆರಿಸಿ ಬಿಸಾಡಿ, ಅವನ ಹೆಗಲು ಹಿಡಿದುಕೊಂಡು ಎದ್ದಳು. "ನಡಿ. ಅನ್ನ ಬೀದಿಗೆ ಹೋಗೋದನ್ನ ನೋಡ್ಕೊಂಡು ಕೂರೋಕೆ ನನ್ನಿಂದ ಆಗಲ್ಲ."

ಅಡುಗೆಮನೆಯಲ್ಲಿ ಮಂಡಿಯುದ್ದ ಗಂಜಿಯಿತ್ತು. ಕೈಗಳು ಅಕ್ಕಿ ಸುರಿಯುತ್ತಿದ್ದವು.

"ಕೊಪ್ಪರಿಗೆಯ ಕಿವಿ ಹಿಡಿದು ಇಳಿಸು" ಎಂದಳು ಸಂಕವ್ವ.

"ಬಟ್ಟೆ?"

"ಬಟ್ಟೆ ಹುಡುಕೋ ಹೊತ್ತಿಗೆ ಇನ್ನೊಂದು ಮೂಟೆ ಹೋಗಿರುತ್ತೆ."

ಅವನು ಬರಿಗೈಯಲ್ಲಿ ಹಿಡಿದು ಇಳಿಸಿದ. ಅಂಗೈ ಚುರುಗುಟ್ಟಿ ಸುಟ್ಟಿತು. ಕೊಪ್ಪರಿಗೆ ಕಾಣದೆ ಕೈಗಳು ಗಾಳಿಯಲ್ಲಿ ತಡಕಾಡಿದವು. ಸಂಕವ್ವ ತನ್ನ ಅಂಗೈಗಳನ್ನು ಚಾಚಿದಳು.

"ಬಾ. ಹರೆಯದಲ್ಲಿ ನಾನೂ ಹೀಗೇ ಇದ್ದೆ. ಎಷ್ಟು ಅನ್ನ ಸೀಯಿಸಿದ ಮೇಲೆ ಇಳಿಸೋದು ಕಲಿತೆನೋ. ಇದು ಪಾಪ ಇನ್ನೂ ಸೀಯಿಸೇ ಇಲ್ಲ."

ಎಳೆಯ ಕೈಗಳು ಹಳೆಯ ಕೈಗಳ ಮೇಲೆ ಕೂತು, ಮರಳಿಗೆ ಬಿದ್ದ ನೀರಿನಂತೆ ಒಳಗಿಳಿದವು. ಕೆಂಪು ದಾರ ಕಳಚಿ ನೆಲಕ್ಕೆ ಬಿತ್ತು. ಸಂಕವ್ವನ ಕೈ ಮಾತ್ರ ಹಾಗೇ ಇತ್ತು, ಸುಕ್ಕುಸುಕ್ಕಾಗಿ.

ಅಲ್ಲಿಂದ ಹೊನ್ನರಸ ಗಾರೆಯ ಬೊಮ್ಮಯ್ಯನ ಹತ್ತಿರ ಹೋದ. ಬೊಮ್ಮಯ್ಯ ಗೋಡೆಯ ಬುಡದಲ್ಲಿ ಕೂತು ಕತ್ತೆತ್ತಿ ಮೇಲೆ ನೋಡುತ್ತಿದ್ದ.

"ನೋಡಿದಿರಾ ಬುದ್ಧಿ, ನನ್ನ ಕೈ ಹೇಗೆ ಕಟ್ಟುತ್ತೆ! ಒಂದು ಸಲ ಬಾವಿ ಕಟ್ಟೋ ಉತ್ಸಾಹದಲ್ಲಿ ಮೆಟ್ಟಿಲು ಇಡೋದೇ ಮರೆತು ಒಳಗೇ ಉಳ್ಕೊಂಡಿದ್ದೆ. ನನ್ನ ಹೆಂಡತಿ ಮೂರು ಹೊತ್ತೂ ಬುತ್ತಿ ಇಳಿಬಿಟ್ಟಳು, ಏಣಿ ಮಾತ್ರ ಇಳಿಸಲಿಲ್ಲ. ಮನೆಯಲ್ಲಿ ಅಷ್ಟು ನೆಮ್ಮದಿಯಂತೆ ಅವಳಿಗೆ."

ಹೊನ್ನರಸನಿಗೆ ನಗು ಬರಲಿಲ್ಲ. "ಬೊಮ್ಮಯ್ಯ, ತಪ್ಪಾಯಿತು. ಅದನ್ನು ನಿಲ್ಲಿಸು."

"ನಿಲ್ಲಿಸೋಣ. ಆದರೆ ಅಲ್ಲಿಗೆ ಹತ್ತೋಕೆ ಕಾಲಿಲ್ಲ. ಕೈಯದು ಒಂದು ಕಷ್ಟವಾದರೆ ಕಾಲಿನದು ಇನ್ನೊಂದು. ನಿಮಗೆ ಮುದುಕರು ಬೇಡ ಅನ್ನಿಸಿದ್ದು ಸುಳ್ಳಲ್ಲ ನೋಡಿ, ಹೊತ್ತುಕೊಂಡು ತಿರುಗಬೇಕಾಗುತ್ತೆ."

ಹೊನ್ನರಸ ಕುಕ್ಕರುಗಾಲಿನಲ್ಲಿ ಕೂತು ಬೆನ್ನು ಕೊಟ್ಟ. ಊರ ಜನ ನೋಡುತ್ತಿದ್ದಂತೆ ಬೊಮ್ಮಯ್ಯನನ್ನು ಹೊತ್ತು, ಗೋಡೆಗೆ ಕಟ್ಟಿದ್ದ ಸಾರುವೆ ಏರಿದ. ಮೇಲೆ ಹೋದ ಮೇಲೆ ಬೊಮ್ಮಯ್ಯ, "ಹಸಿ ಗೋಡೆ ಬಿಚ್ಚಿ, ನನ್ನ ಕೈ ಕೆಳಗಿಳಿದು ಬರಲಿ" ಎಂದ. ಹೊನ್ನರಸ ಬರಿಗೈಯಲ್ಲಿ ಕಲ್ಲು ಕಿತ್ತ. ಸುಟ್ಟ ಅಂಗೈಗೆ ಹಸಿ ಸುಣ್ಣ ತಾಗಿ ಚರ್ಮ ಬಿರಿಯಿತು. ಅವನು ನಿಲ್ಲಿಸಲಿಲ್ಲ. ಬೊಮ್ಮಯ್ಯನೇ ಸಾಕು ಎಂದ. ಕೈಗಳು ಬೊಮ್ಮಯ್ಯನ ಕೈಗೆ ಸೇರಿದವು. ಬಿಸಿಲು ಊರೊಳಗೆ ಇಳಿಯಿತು.

ಹೀಗೆ ಉಳಿದವರೂ ಬಂದು ತಮ್ಮ ತಮ್ಮ ಕೈಗಳನ್ನು ತುಂಬಿಕೊಂಡರು. ಬಾಗಿಲು ಹಿಡಿದ ಕೈಗಳ ಜೊತೆಯೊಂದೇ ಉಳಿಯಿತು. ಕೆಂಚಣ್ಣನ ಮನೆ ಕೋಟೆಯ ಹೊರಗೆ, ಕೆರೆಯ ಏರಿಯ ಕೆಳಗಿತ್ತು. ಹೊರಗೆ ಹೋಗಲು ಇದ್ದದ್ದು ಕೊಳಚೆ ಹರಿಯುವ ಮೋರಿ ಮಾತ್ರ. ಹೊನ್ನರಸ ಹೊಟ್ಟೆಯ ಮೇಲೆ ತೆವಳಿಕೊಂಡು ತನ್ನ ಊರಿನ ಕೊಳಚೆಯ ಜೊತೆಗೆ ಹೊರಗೆ ಬಂದ.

ಕೆಂಚಣ್ಣನ ಹೆಂಡತಿ ದ್ಯಾವಮ್ಮ ಅಂಗಳ ಗುಡಿಸುತ್ತಿದ್ದಳು.

"ಯಾರಪ್ಪಾ ನೀನು? ಅಲ್ಲೇ ನಿಲ್ಲು, ನೀರು ಕೊಡ್ತೀನಿ, ಮೊದಲು ತೊಳಕೋ."

ಅವನು ಮುಖ ತೊಳೆದ. ಅವಳು ನೋಡಿದಳು. ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ದೂರ ಸರಿದು ನಿಂತಳು.

"ತಾವು ಬಂದಿರಾ?"

"ಕೆಂಚಣ್ಣನನ್ನು ಕರೆದುಕೊಂಡು ಹೋಗೋಣ ಅಂತ ಬಂದೆ."

"ಅವರು ಹೋಗಿಯಾಯಿತು. ತಮಗೆ ಯಾರೂ ಹೇಳಲಿಲ್ಲ ಅಂತ ಕಾಣುತ್ತೆ." ಅವಳು ಏರಿಯಾಚೆಗಿನ ಮಣ್ಣದಿಬ್ಬದ ಕಡೆ ನೋಡಿದಳು. "ದಿನಾ ಸಂಜೆ ಹೋಗಿ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಕೆಲಸ ಇಲ್ಲವಲ್ಲ, ಯಾಕೆ ಹೋಗ್ತೀರಿ ಅಂದರೆ, 'ಪುಟ್ಟ ದೊರೆ ಹೊರಗೆ ಉಳಿದಿದ್ದರೆ ಏನು ಗತಿ, ನೋಡಿ ಬರ್ತೀನಿ' ಅನ್ನೋರು. ತಾವು ದೊಡ್ಡವರಾಗಿದ್ದು ಅವರಿಗೆ ಮರೆತುಹೋಗಿತ್ತು."

ಹೊನ್ನರಸನಿಗೆ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಆ ಸಂಜೆ ಕುದುರೆಯ ಮುಖ ತಿರುಗಿಸಿದ್ದು ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆದ. ದ್ಯಾವಮ್ಮ ಅಷ್ಟರಲ್ಲಿ ಪೊರಕೆ ಎತ್ತಿಕೊಂಡಿದ್ದಳು.

ಅವನು ಒಬ್ಬನೇ ಕೋಟೆಯ ಬಾಗಿಲಿಗೆ ಬಂದ. ದೂಡಿದ. ಕೂಗಿದ. ಅಗುಳಿ ಹಿಡಿದ ಕೈಗಳಿಗೆ ಕಿವಿಯಿರಲಿಲ್ಲ. ಒಡೆಯನೂ ಇರಲಿಲ್ಲ. ಗೋಡೆಯ ಮೇಲೆ ಜನ ನೆರೆದು ಕೆಳಗೆ ಬಾಗಿ ನೋಡುತ್ತಿದ್ದರು.

ಆಗ ಅವನಿಗೊಂದು ನೆನಪಾಯಿತು. ಚಿಕ್ಕವನಿದ್ದಾಗ ಕೆರೆಯಲ್ಲಿ ಆಡಿ ತಡವಾಗಿ ಬರುತ್ತಿದ್ದ. ಬಾಗಿಲು ಹಾಕಿಬಿಟ್ಟಿದ್ದರೆ ಕೂಗುವಂತಿರಲಿಲ್ಲ, ಅಪ್ಪನಿಗೆ ಕೇಳಿಸುತ್ತಿತ್ತು. ಹಲಗೆಯನ್ನು ಮೆಲ್ಲಗೆ ತಟ್ಟುತ್ತಿದ್ದ. ಕೆಂಚಣ್ಣ ಒಳಗಿನಿಂದ ಅಂಗೈ ಇಟ್ಟು ತಿಳಿದುಕೊಳ್ಳುತ್ತಿದ್ದ. ಅಷ್ಟು ತಗ್ಗಿನಲ್ಲಿ ತಟ್ಟುವವರು ಬೇರೆ ಯಾರೂ ಇರಲಿಲ್ಲ.

ಹೊನ್ನರಸ ತನ್ನ ಕೋಟೆಯ ಬಾಗಿಲ ಮುಂದೆ, ತನ್ನ ಜನರ ಕಣ್ಣೆದುರಿಗೆ ಮಂಡಿಯೂರಿದ. ಮಗುವಿನ ಎತ್ತರದಲ್ಲಿ ಹಲಗೆಯನ್ನು ತಟ್ಟಿದ. ಏನೂ ಆಗಲಿಲ್ಲ. ಮತ್ತೆ ತಟ್ಟಿದ. ಬಿರಿದ ಕೈಯಿಂದ ರಕ್ತ ಒಸರಿ ಹಲಗೆಗೆ ಅಂಟಿತು. ಹಲಗೆಯಾಚೆ ಏನೋ ಸರಿಯಿತು. ಒಂದು ಅಂಗೈ ಮರದ ಮೇಲೆ, ಅದೇ ತಗ್ಗಿನಲ್ಲಿ, ಬಂದು ನಿಂತದ್ದು ಅವನಿಗೆ ತಿಳಿಯಿತು. ಆಮೇಲೆ ಅಗುಳಿ ಎದ್ದ ಸದ್ದಾಯಿತು.

ಬಾಗಿಲು ತೆರೆಯಿತು. ಜನ ಹೊಲಗಳ ಕಡೆ ಓಡಿದರು. ಹೊನ್ನರಸ ಎಷ್ಟೋ ಹೊತ್ತು ಮಂಡಿಯೂರಿಯೇ ಇದ್ದ. ಒಡೆಯನಿಲ್ಲದ ಕೈಗಳು ಬಾಗಿಲ ಪಕ್ಕದಲ್ಲಿ, ಗಾಳಿಯಲ್ಲಿ, ಸುಮ್ಮನೆ ಇಳಿಬಿದ್ದಿದ್ದವು.

ಹುಣ್ಣಿಮೆಯ ದಿನ ಬೆಳಗಾಗುತ್ತಲೇ ತೊಗಲಯ್ಯ ಸಭೆಗೆ ಬಂದ. "ನನ್ನ ಜೊತೆ ಕೊಡಿ."

ಹೊನ್ನರಸ ಎದ್ದು ನಿಂತ. "ಮಾತು ಕೊಟ್ಟಿದ್ದೇನೆ. ತೆಗೆದುಕೋ."

"ತಡಿ" ಎಂದಳು ಸಂಕವ್ವ. ಅವಳು ಹಳಬರನ್ನೆಲ್ಲ ಕರೆದುಕೊಂಡು ಬಂದಿದ್ದಳು. "ಈ ರಾಜ್ಯದಲ್ಲಿ ಕೈ ಆರಿಸೋದು ತೆರೆಯ ಮುಂದೆ ನಿಂತು. ಏನಯ್ಯಾ ಉದ್ದ ತೋಳಿನವನೇ, ನೀನೂ ಅದೇ ತೆರೆಯಿಂದ ತಾನೇ ಒಳಗೆ ಬಂದಿದ್ದು?"

"ಎಲ್ಲಿಂದಾದರೂ ಆರಿಸುತ್ತೇನೆ" ಎಂದು ತೊಗಲಯ್ಯ ನಕ್ಕ. "ನುಣುಪು ಎಲ್ಲಿದ್ದರೂ ನನಗೆ ಗೊತ್ತಾಗುತ್ತದೆ."

ತೆರೆ ಕಟ್ಟಿದರು. ಹೊನ್ನರಸ ಸಂಕವ್ವನಿಗೆ ಮೆಲ್ಲಗೆ ಹೇಳಿದ, "ನಿಮ್ಮ ಕೈಗಳನ್ನು ಇಡಬೇಡಿ. ನನ್ನದೊಂದೇ ಹೋಗಲಿ."

"ಹೆದರಬೇಡ. ಸುಕ್ಕು ಬಿದ್ದ ಕೈ ಅವನಿಗೂ ಬೇಡ, ನಿನ್ನ ಹಾಗೆಯೇ. ಸಾಲಿನಲ್ಲಿ ನಿಲ್ಲು."

ಅವನು ಉಂಗುರ ತೆಗೆದು ಸಾಲಿನಲ್ಲಿ ನಿಂತ. ಎಲ್ಲರೂ ಕೈ ತೂರಿಸಿದರು. ತೊಗಲಯ್ಯ ನೋಡುತ್ತ ಬಂದ. ಇದು ಸುಕ್ಕು, ಇದು ಗಂಟು, ಇದು ನಡುಗುತ್ತದೆ. ಹೊನ್ನರಸನ ಕೈಗಳ ಮುಂದೆ ನಿಂತು, ಸುಟ್ಟ ಕಲೆ, ಸುಣ್ಣ ತಿಂದ ಬಿರುಕು ನೋಡಿ, ಮೂಗು ಮುರಿದು ಮುಂದೆ ಹೋದ. ಸಾಲಿನ ಕೊನೆಗೆ ಬಂದ. ಅಲ್ಲಿ ಒಂದು ಜೊತೆ ನುಣುಪಾದ, ಗಟ್ಟಿಯಾದ, ಎಳೆಯ ಕೈಗಳಿದ್ದವು.

ಅವನ್ನು ಯಾರೂ ಕರೆದಿರಲಿಲ್ಲ. ಪ್ರತಿ ವರ್ಷ ಕೆಂಚಣ್ಣ ಬಾಗಿಲು ಭದ್ರ ಮಾಡಿ ಬಂದು ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ.

"ಉಂಗುರ ತೆಗೆದರೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ?" ಎಂದು ತೊಗಲಯ್ಯ ಖಾಲಿ ತೋಳುಗಳನ್ನು ಚಾಚಿದ. ಕೆಂಪು ದಾರ ತಾನೇ ಬಿಚ್ಚಿಕೊಂಡು ಕೈಗಳನ್ನು ಅವನ ತೋಳಿಗೆ ಬಿಗಿಯಿತು. ಅವನು ಕೈಗಳನ್ನೆತ್ತಿ ಬೆರಳಾಡಿಸಿ ನಕ್ಕ.

ಆದರೆ ಕೈಗಳಿಗೆ ತಮ್ಮ ಒಡೆಯನ ಹತ್ತಿರ ಹೋಗಬೇಕಿತ್ತು. ಎಲ್ಲ ಕೈಗಳೂ ಹೋಗಿದ್ದವು, ಇವು ಉಳಿದಿದ್ದವು. ಈಗ ಅವಕ್ಕೆ ಕಾಲುಗಳು ಸಿಕ್ಕಿದವು. ಅವು ತೊಗಲಯ್ಯನನ್ನು ಎಳೆದುಕೊಂಡು ಹೊರಟವು. ಅವನು ಕಿರುಚಿದ, ಕಂಬಕ್ಕೆ ಕಾಲು ಸುತ್ತಿದ, ಮಂತ್ರ ಹೇಳಿದ. ಅವು ನಿಲ್ಲಿಸುವುದು ಗೊತ್ತಿರುವ ಕೈಗಳಲ್ಲವೆಂದು ಅವನೇ ಹೇಳಿದ್ದ. ಅವು ಅವನನ್ನು ಸಭೆಯಿಂದ ಬೀದಿಗೆ, ಬೀದಿಯಿಂದ ಬಾಗಿಲಿಗೆ, ಬಾಗಿಲಿನಿಂದ ಏರಿಯಾಚೆಗಿನ ಮಣ್ಣದಿಬ್ಬಕ್ಕೆ ಒಯ್ದವು. ದಿಬ್ಬ ಬಾಗಿಲಿನಂತೆ ತೆರೆಯಿತು, ಬಾಗಿಲಿನಂತೆ ಮುಚ್ಚಿತು. ಕೆಂಪು ದಾರವೊಂದು ಹುಲ್ಲಿನ ಮೇಲೆ ಬಿದ್ದಿತ್ತು.

ಸಭೆಯಲ್ಲಿ ಜನ ಕೂಗಾಡಿ ಕುಣಿದರು. ಹೊನ್ನರಸ ತೆರೆಯಾಚೆಯೇ ಇದ್ದ. ಅವನ ಕೈಗಳು ಇನ್ನೂ ತೂತುಗಳಲ್ಲಿದ್ದವು. ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ. ತಾನು ದೂಡಿದವನು ಸತ್ತ ಮೇಲೂ ಬಂದು ತನ್ನ ಕೈ ಉಳಿಸಿ ಹೋಗಿದ್ದ.

ಸಂಕವ್ವ ಈಚೆ ಬಂದು ದೊಡ್ಡ ರಾಜನ ಹಳೆಯ ಮಣೆ ಹುಡುಕಿ ಹಾಕಿಕೊಂಡು ಕೂತಳು. ತೂತಿನಿಂದ ಚಾಚಿದ್ದ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಕೈ ನಡುಗುತ್ತಿತ್ತು. ಅವಳು ಬಹಳ ಹೊತ್ತು ಹಾಗೇ ಇದ್ದಳು.

"ಹೂಂ" ಎಂದಳು ಕೊನೆಗೆ. "ಬಾಗಿಲಿಗೆ ಆಳಿಲ್ಲ."

ಹೀಗೆ ಮಾಟ ಅಳಿಯಿತು, ಕಣಜ ಮತ್ತೆ ತುಂಬಿತು, ಹಳಬರು ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಅವರ ಪಕ್ಕದಲ್ಲಿ ಒಬ್ಬೊಬ್ಬರು ಹರೆಯದವರು ನಿಂತರು. ತೆರೆಯ ದಿನ ಈಗ ಸಂಜೆಯವರೆಗೆ ನಡೆಯುತ್ತಿತ್ತು. ನೇಸರಕೋಟೆಯಲ್ಲಿ ಬಿಸಿಲಿಗೂ ಅನ್ನಕ್ಕೂ ನಗುವಿಗೂ ಕೊರತೆಯಾಗಲಿಲ್ಲ. ಹೊನ್ನರಸ ಹಗಲೆಲ್ಲ ರಾಜನಾಗಿರುತ್ತಿದ್ದ. ಬೆಳಗಿನ ಮೊದಲ ಬೆಳಕಿನಲ್ಲಿ ಬಾಗಿಲು ತೆರೆಯುವವನೂ, ಸಂಜೆ ಹಾಕುವವನೂ ಅವನೇ. ಅಗುಳಿ ಇಳಿಸುವ ಮುಂಚೆ ಹಲಗೆಯ ತಗ್ಗಿನಲ್ಲಿ ಅಂಗೈಯಿಟ್ಟು ಒಂದಿಷ್ಟು ಹೊತ್ತು ಕಾಯುತ್ತಿದ್ದ.

ದ್ಯಾವಮ್ಮ ಸಂತೆಗೆ ಹೋಗುವಾಗ, ಬರುವಾಗ, ಅವನ ಕಡೆ ನೋಡುತ್ತಿರಲಿಲ್ಲ. ಅವನು ಪಕ್ಕಕ್ಕೆ ಸರಿದು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಹೀಗೇ ಎಷ್ಟೋ ಕಾಲ ನಡೆಯಿತು. ಒಂದು ದಿನ ಅವಳು ಬಾಗಿಲು ದಾಟಿ ಹೋದವಳು ನಿಂತಳು, ತಿರುಗಿದಳು.

"ತಿರುಗಣಿ ಕಿರುಗುಟ್ಟುತ್ತಿದೆ, ಕೇಳಿಸಲ್ವೇನಪ್ಪಾ? ಅವರಿದ್ದಾಗ ಹೀಗೆ ಸದ್ದು ಮಾಡ್ತಿರಲಿಲ್ಲ. ಎಣ್ಣೆ ಹಾಕು."

ಹೊನ್ನರಸ ಎಣ್ಣೆ ತರಲು ಓಡಿದ.